ಅಂಗೈಯ ಸದ್ದು

ಪಾಲೋ ಸೆಕೋ, ಟೆಕ್ಸಾಸ್
ನವೆಂಬರ್ 1969, ಬುಧವಾರ

ನನ್ನ ಪ್ರೀತಿಯ ಅಮ್ಮಾ,

ಮೊದಲೇ ಹೇಳಿಬಿಡುತ್ತೇನೆ, ನಾನು ಚೆನ್ನಾಗಿದ್ದೇನೆ. ಊಟ ಮಾಡುತ್ತಿದ್ದೇನೆ, ಸ್ವೆಟರ್ ಹಾಕಿಕೊಂಡಿದ್ದೇನೆ. ಮೇಲಿರುವ ಊರಿನ ಹೆಸರು ನೋಡಿಯೇ ನಿನ್ನ ಸೂಜಿ ನಿಂತಿರುತ್ತದೆ, ಗೊತ್ತು. "ಎಲ್ಲಿಗಾದ್ರೂ ಹೋಗು, ಪಾಲೋ ಸೆಕೋಗೆ ಮಾತ್ರ ಕಾಲಿಡಬೇಡ" ಅಂದಿದ್ದೆ. ಯಾಕೆ ಎಂದು ಕೇಳಿದಾಗ ಎಡಗೈ ಬೆರಳಿಗೆ ಹಾಕಿದ ಹೊಲಿಗೆಯ ಲೋಹದ ಟೋಪಿ, ಆ ಅಂಗುಸ್ತಾನದಿಂದ ಮೇಜು ಕುಟ್ಟುತ್ತಾ, ಅಲ್ಲಿ ಧೂಳು ಬಿಟ್ಟರೆ ಏನಿದೆ, ಚಿಕ್ಕಂದಿನಲ್ಲೇ ಬಿಟ್ಟು ಬಂದೆ, ನನಗೆ ಅಲ್ಲಿ ಯಾರೂ ಗೊತ್ತಿಲ್ಲ ಅಂದೆ. ನಂಬಿದ್ದೆ.

ಕೋಪ ಮಾಡಿಕೊಳ್ಳದೆ ಓದು, ಪ್ಲೀಸ್. ನನ್ನ ರೂಂಮೇಟ್ ಬೆಲೆನ್ ಗೊತ್ತಲ್ಲ, ಅವಳ ಸಂಘದ ಜೊತೆ ಬಂದಿದ್ದೇನೆ. ಅವರು, ನಮ್ಮ ಹಾಗೇ ಮೆಕ್ಸಿಕನ್ ಮೂಲದವರು, ತಮ್ಮನ್ನು ಚಿಕಾನೋ ಅಂತ ಎದೆಯುಬ್ಬಿಸಿ ಕರೆದುಕೊಳ್ಳುತ್ತಾರೆ. ನಿನ್ನ ಕಿವಿಗೆ ಅದು ಬೈಗುಳ, ಇರಲಿ. ಇಲ್ಲಿನ ಸ್ಕೂಲಿನಲ್ಲಿ ಮಕ್ಕಳ ಬಾಯಿಂದ ನಮ್ಮ ಸ್ಪ್ಯಾನಿಷ್ ಭಾಷೆಯ ಒಂದು ಮಾತು ಬಂದರೂ ಮರದ ಹಲಗೆಯಿಂದ ಹೊಡೆಯುತ್ತಾರೆ. ಅದು ನಿಲ್ಲುವ ತನಕ ಸೋಮವಾರದಿಂದ ಯಾವ ಮಗುವೂ ಸ್ಕೂಲಿಗೆ ಹೋಗಬಾರದು. ಅದಕ್ಕೆ ತಂದೆತಾಯಂದಿರು ಒಪ್ಪಬೇಕು, ಒಪ್ಪಿಸಲು ಮನೆಮನೆಗೆ ಹೋಗಬೇಕು. ಹಾಸ್ಟೆಲಿನಲ್ಲಿ ಬೆಳೆದ ನನಗೆ ಅಪರಿಚಿತರ ಬಾಗಿಲು ತಟ್ಟಿ ಅಭ್ಯಾಸವಿಲ್ಲ. ಮೇಲೆ ನನ್ನ ಮಾತು ಅರ್ಧ ಇಂಗ್ಲಿಷು.

ಮೊದಲು ಬೆಲೆನ್ ತಟ್ಟಿದಳು. ಪರದೆ ಅಲ್ಲಾಡುತ್ತಿತ್ತು, ಬಾಗಿಲು ಮಾತ್ರ ತೆರೆಯಲಿಲ್ಲ. "ನನ್ನ ಮುಖ ನೋಡಿದ್ರೆ ಬಾಡಿಗೆ ವಸೂಲಿಗೆ ಬಂದ ಹಾಗಿದ್ಯೇನೇ? ನೀನು ತಟ್ಟು ಮಾರಾಯ್ತಿ" ಅಂದಳು. ನಾನು ನೀನು ತಟ್ಟುವ ಹಾಗೆಯೇ ತಟ್ಟಿದೆ: ಬಾಗಿಲಿನ ಕೆಳಭಾಗದಲ್ಲಿ, ಬಿಚ್ಚಿದ ಅಂಗೈಯಿಂದ, ಮೆತ್ತಗೆ. ನನಗೆ ಗೊತ್ತಿರುವುದು ಅದೊಂದೇ.

ಬಾಗಿಲು ತಕ್ಷಣ ತೆರೆಯಿತು. ಒಳಗಿದ್ದ ಹೆಂಗಸು ನನ್ನನ್ನು ನೋಡಿದಳು, ನನ್ನ ಹಿಂದೆ ಕಾಲುವೆಯ ದಾರಿ ನೋಡಿದಳು. "ಬಾರೇ ಒಳಗೆ. ಕೂದ್ಲು ಒಣಗಿತಾ?" ಎಂದು ಕೇಳಿದಳು.

ನನ್ನ ಕೂದಲು ಒದ್ದೆಯಾಗಿರಲಿಲ್ಲ, ಅಮ್ಮಾ.

ಮುಂದಿನ ಮನೆಯ ಮುದುಕ ನಾನು ಕೂರುವ ಮೊದಲು ಕುರ್ಚಿಯ ಮೇಲೆ ಟವೆಲ್ ಹಾಸಿದ. ಇನ್ನೊಂದು ಕಡೆ ಒಬ್ಬಾಕೆ ಒಣಗಿದ ಕಾಲುಚೀಲ ತಂದು ನನ್ನ ಮಡಿಲಲ್ಲಿಟ್ಟಳು. ಬಂದ ಕಾರಣ ಯಾರೂ ಕೇಳಲಿಲ್ಲ. "ಸೋಮವಾರ ಕಳಿಸಲ್ಲ ಕಣಮ್ಮ, ನೀನು ಹೇಳೋದೇ ಬೇಡ" ಎಂದರು. ಬೆಲೆನ್ ಮೊದಲ ದಿನ ನಕ್ಕಳು. "ಏನೇ ಇದು, ನಿಮ್ಮ ಹಾಸ್ಟೆಲ್ ಸಿಸ್ಟರುಗಳು ಮಾಟಮಂತ್ರಾನೂ ಹೇಳ್ಕೊಡ್ತಿದ್ರಾ?" ಎಂದಳು. ಮರುದಿನ ನನ್ನ ಪಕ್ಕದಲ್ಲಿ ನಡೆಯದೆ ಸ್ವಲ್ಪ ಹಿಂದೆ ನಡೆದಳು.

ಕಳೆದ ಭಾನುವಾರ ಮಧ್ಯಾಹ್ನ ಇಗರ್ಜಿಯ ಹಿಂದಿನ ಹಾಲಿನಲ್ಲಿ ಸಭೆ. ನಾವು ಉಳಿದುಕೊಂಡಿರುವ ಮನೆಯ ಅಜ್ಜಿ, ದೊನ್ಯಾ ರೆಫುಹಿಯೋ, ಎದ್ದು ನಿಂತು ಒಂದೊಂದೇ ಹೆಸರು ಕೂಗತೊಡಗಿದಳು. ಪ್ರತಿ ಹೆಸರಿಗೂ ಇಡೀ ಸಭೆ ಒಂದೇ ದನಿಯಲ್ಲಿ "ಪ್ರೆಸೆಂತೆ" ಅನ್ನುತ್ತಿತ್ತು. ಜನ ಸೇರಿದ್ದಾರಲ್ಲ, ಹಾಜರಿ ತೆಗೆದುಕೊಳ್ಳುತ್ತಿದ್ದಾರೆ ಅಂದುಕೊಂಡೆ. ಹೋರಾಟದಲ್ಲಿ ಸತ್ತವರ ಹೆಸರು ಕೂಗಿದಾಗ ಬದುಕಿರುವವರು ಅವರ ಪರವಾಗಿ "ಇಲ್ಲೇ ಇದ್ದಾರೆ" ಎನ್ನುವ ಪದ್ಧತಿ ಅದು ಎಂದು ನನಗೆ ಯಾರು ಹೇಳಿಕೊಟ್ಟಿದ್ದರು? ಬೋರ್ಡಿಂಗ್ ಸ್ಕೂಲಿನಲ್ಲಿ ನಾವು ಸತ್ತವರನ್ನು ಕೂಗುತ್ತಿರಲಿಲ್ಲ.

"ಅಮಾಲಿಯಾ!" ಎಂದಳು ಅಜ್ಜಿ.

ಊರು ಬಾಯಿ ತೆರೆಯುವ ಮೊದಲೇ ನನ್ನ ಹೆಸರೇ ಕೂಗಿದರು ಅಂತ ನಾನು ದಡಕ್ಕನೆ ಎದ್ದು, ಕೈ ಕಟ್ಟಿಕೊಂಡು, "ಪ್ರೆಸೆಂಟ್, ಸಿಸ್ಟರ್!" ಅಂದುಬಿಟ್ಟೆ.

ಒಬ್ಬರೂ ನಗಲಿಲ್ಲ. ಗಂಡಸರು ಹ್ಯಾಟ್ ತೆಗೆದರು. ದೊನ್ಯಾ ರೆಫುಹಿಯೋ ಸಾಲುಗಳ ನಡುವೆ ಬಂದು ನನ್ನ ಎಡಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ನಡುಬೆರಳಿನ ತುದಿಗೆ ಬಂದು ನಿಂತಳು, ಉಗುರನ್ನು ಒತ್ತಿದಳು. ಆಮೇಲೆ ತಿರುಗಿ ಎಲ್ಲರಿಗೂ ಹೇಳಿದಳು, "ಇದೂ ಬೆಳೆದ್ಬಿಟ್ಟಿದೆ ನೋಡ್ರೋ."

ಆಮೇಲೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಅವಳೇ ಹೇಳಿದಳು. ನಾನು ಹುಟ್ಟುವ ಸ್ವಲ್ಪ ಮುಂಚೆ ಇಲ್ಲಿ ಅಮಾಲಿಯಾ ಎಂಬ ಹುಡುಗಿಯಿದ್ದಳಂತೆ. ಪಾಲಕ್ ಸೊಪ್ಪು ಪ್ಯಾಕ್ ಮಾಡುವ ಶೆಡ್ಡಿನ ಹೆಂಗಸರನ್ನೆಲ್ಲ ಒಟ್ಟುಮಾಡಿ ಮುಷ್ಕರ ಹೂಡಿದವಳು. "ಪೊಲೀಸ್ನೋರು ಮುಷ್ಟೀಲಿ ಗುದ್ದುತಾರೆ, ನಾವು ಅಂಗೈಲಿ ತಟ್ಟೋಣ, ಒಳಗಿರೋರಿಗೆ ಗೊತ್ತಾಗ್ಲಿ ನಮ್ಮೋರು ಅಂತ" ಎಂದು ಅವಳೇ ಕಲಿಸಿದ್ದಂತೆ. ಒಂದು ಬೆಳಿಗ್ಗೆ ಅವಳ ಶಾಲು ಕಾಲುವೆಯ ತೂಬಿನಲ್ಲಿ ಸಿಕ್ಕಿತು. ಅವಳು ಸಿಗಲಿಲ್ಲ. ಶಾಲನ್ನೇ ಹೂತರು. ಅಂದಿನಿಂದ ಈ ಊರಿನಲ್ಲಿ ಯಾರೂ ಅಂಗೈಯಿಂದ ಬಾಗಿಲು ತಟ್ಟಿಲ್ಲ. ಹೊರಗೆ ನಿಂತು ಹೆಸರು ಹಿಡಿದು ಕರೆಯುತ್ತಾರೆ. "ಆ ಸದ್ದು ಅವಳದ್ದು, ನಾವು ಹೆಂಗೆ ಎತ್ಕೊಳ್ಳೋದು?" ಅಂದಳು.

ನಾನು ಬರೀ ಫಸ್ಟ್ ಇಯರ್ ಹುಡುಗಿ, ನಮ್ಮಮ್ಮ ಸ್ಯಾನ್ ಆಂಟೋನಿಯೋದಲ್ಲಿ ಬಟ್ಟೆ ಹೊಲಿಯುತ್ತಾಳೆ, ಅವಳ ಹೆಸರು ಹೆರ್ಮಿನಿಯಾ ಅಂದೆ. "ಹೌದೌದು, ಇಷ್ಟು ದಿನ ಎಲ್ಲೋ ಒಂದ್ಕಡೆ ಇರ್ಲೇಬೇಕಲ್ಲ" ಎಂದು ರೊಟ್ಟಿ ಮಗುಚಿದಳು.

ಈ ಭಾನುವಾರ ಕೊನೆಯ ಸಭೆ. ಅಮಾಲಿಯಾ ಎದ್ದು ಒಂದು ಮಾತು ಹೇಳಿದರೆ ಸಾಕು, ಸೋಮವಾರ ಸ್ಕೂಲು ಖಾಲಿ ಎನ್ನುತ್ತಾರೆ. ನಾನು ಅವಳಲ್ಲ ಅಂದರೆ ಆ ಬಾಗಿಲುಗಳೆಲ್ಲ ಮತ್ತೆ ಮುಚ್ಚಿಕೊಳ್ಳುತ್ತವೆ, ಮಕ್ಕಳು ಹಲಗೆಯ ಏಟಿಗೆ ವಾಪಸ್ ಹೋಗುತ್ತಾರೆ. ಅವಳೇ ಅಂದರೆ? ಅಮ್ಮಾ, ಬೆಳಿಗ್ಗೆ ಎದ್ದಾಗ ದಿಂಬು ತೇವವಾಗಿರುತ್ತದೆ. ಇಬ್ಬನಿ ಇರಬಹುದು, ಕಿಟಕಿಗೆ ಗಾಜಿಲ್ಲ. ಆದರೂ ದಿನವಿಡೀ ಕೂದಲು ಮುಟ್ಟಿ ನೋಡಿಕೊಳ್ಳುತ್ತಿರುತ್ತೇನೆ. ನಿನ್ನೆ ಬೆಲೆನ್ ಬೇಕೆಂದೇ "ಎಮಿ" ಎಂದು ಕರೆದಳು, ಹಾಸ್ಟೆಲಿನಲ್ಲಿ ನನಗಿದ್ದ ಹೆಸರು. ನಾನು ತಿರುಗಲಿಲ್ಲವಂತೆ.

ನನಗೆ ಈ ಹೆಸರು ಯಾಕಿಟ್ಟೆ ಎಂದರೆ ಸಂತರ ಕ್ಯಾಲೆಂಡರಿನಲ್ಲಿತ್ತು ಅಂದಿದ್ದೆ. ಸರಿ. ಮತ್ತೆ ಕೇಳುವುದಿಲ್ಲ. ಶೀತಗಾಳಿಯಲ್ಲಿ ಬಸ್ಸಿಗೆ ಕಾಯುವಾಗ ಕಿವಿ ಮುಚ್ಚಿಕೋ.

ನಿನ್ನ ಮಗಳು,
ಅಮಾಲಿಯಾ

ಮರೆತಿದ್ದೆ: ಆ ಹುಡುಗಿಯ ಎಡಗೈ ನಡುಬೆರಳಿನ ತುದಿಯನ್ನು ಶೆಡ್ಡಿನ ಯಂತ್ರ ಕಚ್ಚಿಕೊಂಡು ಹೋಗಿತ್ತಂತೆ. ಬಲಗೈಯಲ್ಲಿ ಹೊಲಿಯುವ ನೀನು ಎಡಗೈಗೆ ಅಂಗುಸ್ತಾನ ಯಾಕೆ ಹಾಕುತ್ತೀ, ಸ್ನಾನಕ್ಕೂ ಯಾಕೆ ತೆಗೆಯುವುದಿಲ್ಲ ಎಂದು ನಾನು ಇವತ್ತಿನವರೆಗೆ ಯೋಚಿಸಿಯೇ ಇರಲಿಲ್ಲ. ಯಾರಿಗೂ ಹೇಳಿಲ್ಲ. ನನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಿದೆಯಲ್ಲ, ಬೈಯುವುದೂ ಇಲ್ಲ. ಆದರೆ ಭಾನುವಾರ ಆ ಹೆಸರು ಕೂಗಿದಾಗ ನಾನು ಏಳುವುದಿಲ್ಲ. ಊರು ಬಾಯಿ ತೆರೆಯುವ ಮೊದಲು ಒಂದು ಗಳಿಗೆ ಮೌನ ಇರುತ್ತದೆ, ಅಷ್ಟರಲ್ಲಿ ನೀನೇ ಬಂದು "ಪ್ರೆಸೆಂತೆ" ಅನ್ನಬೇಕು. ಹಾಲಿನ ಬಾಗಿಲು ಹಾಕಿದ್ದರೆ ಅಂಗೈಯಿಂದ ತಟ್ಟು.