ಬಾಣಂತಿ ಕೋಣೆಯ ಗಾಳಿ

ಕರ್ಕಿ, ಹೊನ್ನಾವರ
೧೪ ಮೇ ೨೦೨೫

ಚಿ. ಸೌ. ಧನ್ಯಾಳಿಗೆ ಅಪ್ಪನ ತುಂಬು ಆಶೀರ್ವಾದಗಳು.

'ಇಲ್ಲಿ ನಾವೆಲ್ಲ ಕ್ಷೇಮ' ಎಂದು ಬರೆಯಲು ಹೊರಟ ಕೈ ಅಲ್ಲೇ ನಿಂತಿದೆ, ಮಗಳೇ! ನೀನು ಕಳಿಸಿದ ಸ್ಕ್ಯಾನಿಂಗ್ ಫೋಟೋ ಬಂದು ಹದಿನೈದು ದಿನವಾಯಿತು. ಉತ್ತರ ಕೊಡದ ಅಪರಾಧ ನನ್ನದು. ಫೋನು ಮಾಡಿದಾಗಲೆಲ್ಲ "ಎಲ್ಲ ಆತು, ಕೋಣೆ ರೆಡಿ" ಎಂದೆನಲ್ಲ, ಅದು ಶುದ್ಧ ಸುಳ್ಳು. ಕೋಣೆ ರೆಡಿಯಿಲ್ಲ. ಆ ಕೋಣೆಯೊಳಗೆ ಕಾಲಿಡಲು ನನಗೇ ಭಯವಾಗುತ್ತಿದೆ.

ಕೇಳು. ಹತ್ತು ದಿನದ ಹಿಂದೆ ನಿನ್ನಮ್ಮ ಅಟ್ಟದಿಂದ ತೊಟ್ಟಿಲು ಇಳಿಸಿ, ತಿಕ್ಕಿ ತೊಳೆದು, ಬಿಳಿ ಪಂಚೆಯ ತುಂಡು ಹಾಸಿಟ್ಟಳು. ಮಗಳು ಬರುತ್ತಾಳೆ, ಎಸಿ ಒಮ್ಮೆ ನೋಡಿಬಿಡೋಣವೆಂದು ನಾನು ಸ್ವಿಚ್ ಒತ್ತಿದೆ. ಚಾವಣಿಯೊಳಗೆ 'ಢಮ್' ಎಂದಿತು. ಕೊಳೆತ ಒದ್ದೆ ಗೋಣಿಯ ವಾಸನೆ ಕೋಣೆ ತುಂಬಿತು. ನೋಡುತ್ತೇನೆ, ತೊಟ್ಟಿಲಿನ ಬಿಳಿ ಬಟ್ಟೆಯ ಮೇಲೆ ಕಪ್ಪು ಪುಡಿ! ಎಳ್ಳು ಚೆಲ್ಲಿದ ಹಾಗೆ!

ಚಾವಣಿಯೊಳಗಿನ ಆ ಗಾಳಿ ಕೊಳವೆ, ಆ ಡಕ್ಟು ಯಾರದು? ನನ್ನದೇ. ಮಸ್ಕತ್ತಿನಲ್ಲಿ ಇಪ್ಪತ್ತೆರಡು ವರ್ಷ ಪರರ ಕಟ್ಟಡಗಳಿಗೆ ಗಾಳಿ ಹರಿಯುವ ದಾರಿ ಕಟ್ಟಿದವನು, ಊರಿಗೆ ಬಂದು ನನ್ನ ಮನೆಗೆ ನನ್ನ ಕೈಯಾರೆ ತಗಡು ಕತ್ತರಿಸಿ, ಮಡಚಿ, ಒಂದು ಯಂತ್ರದ ತಂಪನ್ನು ಮೂರು ಕೋಣೆಗೆ ಹಂಚಿದವನು. ಕರ್ಕಿಯ ಜನ ಬಂದು ಕತ್ತೆತ್ತಿ ನೋಡಿ ಹೋದದ್ದು ನಿನಗೂ ನೆನಪಿರಬೇಕು.

ಭಟ್ಕಳದಿಂದ ರಾಜೀವನನ್ನು ಕರೆಸಿದೆ. ಮಸ್ಕತ್ತಿನಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತವನು. ಈಗ ಭಟ್ಕಳದ ಗಲ್ಫಿನವರ ಮನೆಗಳ ಎಸಿಯೆಲ್ಲ ಅವನದೇ ಕೈಯಲ್ಲಿ. ಏಣಿ ಹತ್ತಿ, ಗಾಳಿ ಬರುವ ಬಾಯಿಯ ಜಾಳಿಗೆ ಕಳಚಿ, ಟಾರ್ಚು ಹಾಕಿದ. ಕೆಳಗಿಳಿದವನು ಎರಡು ಸಲ ಸೋಪು ಹಾಕಿ ಕೈ ತೊಳೆದ.

"ನಿತ್ಯಣ್ಣ, ತಗಡು ತುಕ್ಕು ಹಿಡಿದದೆ, ಅದಕ್ಕೆ ತೇಪೆ ಹಾಕುವಾ. ಒಳಗೆ ಅಂಟಿಸಿದ ಗ್ಲಾಸ್‌ವುಲ್ಲು ಮಾತ್ರ ಪೂರಾ ಬೂಷ್ಟು. ತೊಳೀಲಿಕ್ಕೆ ಬರೂದಿಲ್ಲ."

"ಎಲಾ! ಗಾಳಿಯ ಸದ್ದಡಗಲು ಆ ಹತ್ತಿಯನ್ನು ಒಳಗೆ ಅಂಟಿಸಬೇಕೆಂದು ನಿನಗೆ ಕಲಿಸಿದ್ದು ಯಾರು?" ಎಂದು ಗುಡುಗಿದೆ.

"ನೀವೇ ಮಾರಾಯ್ರೆ. ಅದು ಮಸ್ಕತ್ತು. ಅಲ್ಲಿ ವರ್ಷಿಡೀ ಎಸಿ ಓಡ್ತಿತ್ತು. ಇಲ್ಲಿ ನೀವು ಎಷ್ಟ್ ದಿನ ಓಡಿಸ್ತ್ರಿ?"

ನಾನು ಬಾಯಿ ತೆರೆಯುವ ಮೊದಲೇ ನಿನ್ನಮ್ಮ ಅಡುಗೆಮನೆಯಿಂದ ಕೂಗಿದಳು: "ನೆಂಟ್ರು ಬಂದ್ರೆ ಮಾತ್ರ! ನಾನು ಬೆವತು ನೀರಾದ್ರೂ ಸ್ವಿಚ್ ಮುಟ್ಟೂ ಹಾಂಗಿಲ್ಲ. ಮೆಷಿನು ಸವೀತದೆ ಹೇಳಿ!"

ರಾಜೀವ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಹನ್ನೊಂದು ತಿಂಗಳು ಮುಚ್ಚಿಟ್ಟ ಕೊಳವೆ, ಅದರ ಹೊಟ್ಟೆಯೊಳಗೆ ನಮ್ಮ ಕಡಲತೀರದ ಮಳೆಗಾಲದ ತೇವ. ಯಾರು ಬಂದರೆ ಅದನ್ನು ಮೊದಲು ಚಾಲೂ ಮಾಡುತ್ತೇವೆ? ನಮ್ಮ ಪ್ರೀತಿಯ ಜೀವಗಳು ಬಂದಾಗ!

ಅದಕ್ಕಿಂತ ಭಯದ ಸಂಗತಿ ಇನ್ನೊಂದಿದೆ. ಬಾಣಂತಿಗೆ ಗಾಳಿ ತಾಗಬಾರದೆಂದು ನಿನ್ನಮ್ಮ ಕಿಟಕಿಯ ಸಂದುಗಳಿಗೆಲ್ಲ ಬಟ್ಟೆ ತುರುಕುತ್ತಾಳೆ. "ಹೊರಗಿನ ಗಾಳಿ ಬೇಡ, ನನ್ನ ಡಕ್ಟಿನದು ಸೋಸಿದ ಗಾಳಿ" ಎಂದು ಎದೆ ತಟ್ಟಿದವನು ನಾನು. ಅಂಥ ಕೋಣೆಯಲ್ಲಿ ಹಸುಗೂಸಿಗೆ ಉಸಿರಾಡಲು ಬೇರೆ ಗಾಳಿ ಎಲ್ಲಿದೆ?

ರಾಜೀವ ಎರಡು ದಾರಿ ಹೇಳಿದ. ರಿಪೇರಿಯಾದರೆ ಎರಡೇ ದಿನ: ಔಷಧಿ ಸಿಂಪಡಿಸಿ, ಸಂದುಗಳಿಗೆ ಟೇಪು ಸುತ್ತಿ, ಹೊಸ ಜಾಳಿಗೆ ಹಾಕುವುದು. "ವಾಸನೆ ಹೋಗ್ತದೆ. ಬೂಷ್ಟು ಹೋಗ್ತದೆ ಹೇಳಿ ನಾ ಮಾತು ಕೊಡೂದಿಲ್ಲ" ಎಂದ. ಪೂರಾ ಕಿತ್ತು ಹೊಸತು ಮಾಡುವುದಾದರೆ ಚಾವಣಿ ಒಡೆಯಬೇಕು. ಇಪ್ಪತ್ತು ದಿನ ಬೇಕು.

ನಮ್ಮ ಕೈಯಲ್ಲಿರುವುದು ಒಂಬತ್ತೇ ದಿನ. ಅಷ್ಟರಲ್ಲಿ ನಿನಗೆ ಏಳು ತಿಂಗಳು ತುಂಬುತ್ತದೆ. ಎಂಟರಲ್ಲಿ ಬಸುರಿಯನ್ನು ಹೊರಡಿಸುವ ಪದ್ಧತಿ ನಮ್ಮಲ್ಲಿಲ್ಲ. ಒಂಬತ್ತಕ್ಕೆ ಕಾದರೆ ಹುಬ್ಬಳ್ಳಿಯಿಂದ ಅರೆಬೈಲು ಘಟ್ಟ ಇಳಿಯಬೇಕು, ಅದೂ ಜಡಿಮಳೆಯಲ್ಲಿ. ಯಾವ ಕಡೆ ತಿರುಗಿದರೂ ಹೆದರಿಕೆ!

ನಾನು ರಿಪೇರಿ ಎಂದೆ. ನಿಜ ಹೇಳುತ್ತೇನೆ, ಹಾಗೇ ಅಂದೆ. ನಿನ್ನಮ್ಮ ಸೌಟು ಹಿಡಿದೇ ನಡುಮನೆಗೆ ಬಂದಳು.

"ಹೋಯ್, ನಿಮ್ಗೆ ಎಂತ ಬೇಕು? ತಗಡು ಉಳೀಬೇಕೊ, ಕೂಸಿನ ಉಸುರೊ?"

"ಎರಡೂ" ಎಂದೆ.

"ಹಂಗಾರೆ ಆ ತೊಟ್ಲು ಇದ್ದಲ್ಲಿ ನೀವೇ ಮಲ್ಗಿ ನೋಡಿ."

ಮಲಗಿದೆ ಮಗಳೇ! ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ಹಾಕಿ, ಎಸಿ ಚಾಲೂ ಮಾಡಿ, ಚಾಪೆ ಹಾಸಿಕೊಂಡು ಆ ಜಾಳಿಗೆಯ ಕೆಳಗೇ ಮಲಗಿದೆ. ಅರ್ಧ ಗಂಟೆಯಾಗುವಷ್ಟರಲ್ಲಿ ಗಂಟಲು ಕೆರೆಯಿತು. ಮುಕ್ಕಾಲು ಗಂಟೆಗೆ ಕೆಮ್ಮು ಶುರುವಾಯಿತು. ಅರವತ್ತೆಂಟು ವರ್ಷದ ಈ ಎದೆಗೂಡೇ ಹೀಗಾದರೆ, ಅಂಗೈಯಗಲದ ಎದೆ ಏನಾದೀತು? ಎದ್ದು ಎಸಿ ಆರಿಸಿ, ಹೊರಗೆ ಬಂದು ಜಗಲಿಯಲ್ಲಿ ಕುಳಿತೆ.

ನಿನ್ನೆ ರಾಜೀವನಿಗೆ "ಕೀಳು" ಎಂದಿದ್ದೇನೆ. ಮೊದಲ ತುಂಡು ಅಂಗಳಕ್ಕೆ ಬಿದ್ದಾಗ ನೋಡಲಾರದೆ ಪೇಟೆಗೆ ಹೋಗಿಬಿಟ್ಟೆ. ಮನೆಯ ತುಂಬ ಧೂಳು. ಆದ್ದರಿಂದ ನೀನು ಬರಬೇಡ. ಮಗಳನ್ನು ತವರಿಗೆ ಬರಬೇಡವೆಂದು ಬರೆಯುವ ಅಪ್ಪನ ಗತಿ ಏನೆಂದು ಕೇಳಬೇಡ! ನಿನ್ನಮ್ಮ ಮಂಗಳವಾರ ಹೊರಟು ಅಲ್ಲಿಗೇ ಬರುತ್ತಾಳೆ. ಎಣ್ಣೆ, ಬಾಣಂತಿ ಲೇಹ್ಯ ಎಲ್ಲ ಕಟ್ಟಿಟ್ಟಿದ್ದಾಳೆ. ಅಳಿಯ ಕಿರಣನನ್ನೂ ನಿನ್ನ ಅತ್ತೆಯವರನ್ನೂ ನಾನೇ ಫೋನಿನಲ್ಲಿ ಕೇಳಿಕೊಳ್ಳುತ್ತೇನೆ. ಒಂದು ಕಿಟಕಿಯಾದರೂ ತೆರೆದಿಡಬೇಕೆಂದು ನಿನ್ನಮ್ಮನಿಂದ ಆಣೆ ಹಾಕಿಸಿಕೊಂಡಿದ್ದೇನೆ.

ಹೆರಿಗೆ ಸುಸೂತ್ರವಾಗಲಿ. ನಿನ್ನ ಮಡಿಲು ತಂಪಾಗಿರಲಿ.

ನಿನ್ನ ಅಪ್ಪ,
ನಿತ್ಯಾನಂದ

ಮರೆತದ್ದಲ್ಲ, ಬರೆಯಲು ಅಂಜಿದ್ದು: ಆ ಕಪ್ಪನ್ನು ನಾನು ಮೊದಲು ಕಂಡದ್ದು ಈ ವರ್ಷವಲ್ಲ. ಐದು ವರ್ಷದ ಹಿಂದೆ ನೀನು ಚೊಚ್ಚಲ ಕೂಸು ಅರ್ಚಿತಾಳನ್ನೆತ್ತಿಕೊಂಡು ಆಸ್ಪತ್ರೆಯಿಂದ ಬರುವ ಹಿಂದಿನ ದಿನ, ಜಾಳಿಗೆಯ ಅಂಚಿನಲ್ಲಿ ಚುಕ್ಕೆಗಳಿದ್ದವು. ಬಿಚ್ಚಿ ನೋಡಲಿಲ್ಲ. ಫಿನಾಯಿಲಿನಲ್ಲಿ ಒರೆಸಿ, ಮೇಲೆ ಬಿಳಿ ಬಣ್ಣ ಬಳಿದೆ. ಕೂಸು ಮೂರು ತಿಂಗಳು ಅದೇ ಗಾಳಿ ಕುಡಿಯಿತು. ಅವಳಿಗೆ ಉಬ್ಬಸ ಶುರುವಾದಾಗ ನಿನ್ನ ಅತ್ತೆ, "ಬಾಣಂತಿ ಪಥ್ಯ ಮುರಿದು ತಣ್ಣೀರು ಕುಡಿದಳು, ಅದಕ್ಕೇ" ಎಂದರು. ನೀನು ಅಳುತ್ತಿದ್ದೆ. ನಾನು ಅಲ್ಲೇ ಕುರ್ಚಿಯಲ್ಲಿದ್ದೆ, ಸುಮ್ಮನಿದ್ದೆ. ಕುಮಟೆಯ ಡಾಕ್ಟರನ್ನು ಮೊನ್ನೆ ಕೇಳಿದೆ. ಇದರಿಂದಲೇ ಎಂದು ಹೇಳಲಾಗದು, ಅಲ್ಲವೆಂದೂ ಹೇಳಲಾಗದು ಎಂದರು. ಅಷ್ಟು ಸಾಕು ನನಗೆ. ಈ ಹಾಳೆಯನ್ನು ಹರಿಯಬೇಡ ಮಗಾ. ನಿನ್ನ ಅತ್ತೆಯವರ ಕೈಗೆ ಕೊಡು, ಓದಲಿ.