ಶಕ್ತಿ ಗುಳಿಗೆ

ಓಝರ್ ಟೌನ್‌ಶಿಪ್, ನಾಸಿಕ್
೧೪ ಸೆಪ್ಟೆಂಬರ್ ೨೦೦೯

ಅವ್ವಾ,

ನೀನು ಔರಂಗಾಬಾದಿನಲ್ಲಿ ಆರಾಮಾಗಿದ್ದೀ ಎಂದು ಅಪ್ಪ ಹೇಳಿದರು. ನಾನೂ ಬದುಕಿದ್ದೇನೆ. ವಾರದಿಂದ ನೀನು ಫೋನು ಮಾಡುತ್ತಲೇ ಇದ್ದೀ, ನಾನು ಎತ್ತುತ್ತಿಲ್ಲ. ಫೋನಿನಲ್ಲಾದರೆ ನೀನು ಅಳುತ್ತೀ, ನಾನು ಸುಮ್ಮನಾಗಿಬಿಡುತ್ತೇನೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮೆ ಕೇಳುವುದಿಲ್ಲ.

ನಮ್ಮ ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟದ ಎಲುಬು ಮುರಿದುಕೊಂಡದ್ದು ನಿನಗೆ ಗೊತ್ತು. ಯಾಕೆ ಬಿದ್ದರು ಎಂಬುದನ್ನು ಈಗ ಕೇಳು.

ಗೌರಿ ಹಬ್ಬಕ್ಕಿಂತ ಮುಂಚಿನಿಂದಲೂ ಅವರು ಹಗಲೆಲ್ಲ ತೂಕಡಿಸುತ್ತಿದ್ದರು. ಮೆಂತ್ಯ ಸೋಸುತ್ತ ಕೂತಲ್ಲೇ ತಲೆ ವಾಲುತ್ತಿತ್ತು. ನಡೆದರೆ ಗೋಡೆ ಹಿಡಿಯಬೇಕು. "ವಯಸ್ಸಾತು, ಮತ್ತೇನ" ಎಂದು ಇವರು ಫ್ಯಾಕ್ಟರಿಗೆ ಹೋಗಿಬಿಡುತ್ತಿದ್ದರು. ಕಡೆಗೆ ಬಿದ್ದೇಬಿಟ್ಟರು. ನಾಸಿಕ್‌ನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ಆಜಿ, ಕೋಣತ್ಯಾ ಗೋಳ್ಯಾ ಘೇತಾ?" ಎಂದು ಮರಾಠಿಯಲ್ಲಿ ಕೇಳಿದರು. ಯಾವ ಯಾವ ಗುಳಿಗೆ ನುಂಗುತ್ತಾರೆಂದು ತಿಳಿಯಬೇಕಿತ್ತು. ಅತ್ತೆ ನನ್ನ ಕಡೆ ತಿರುಗಿ, "ಬಿ.ಪಿ.ದು ಒಂದು ಅಂತ ಹೇಳು. ಮತ್ತ ನಿನ್ನ ಶಕ್ತಿ ಗುಳಿಗಿ. ಅದು ತಗೊಂಡ್ರ ಮೊಣಕಾಲ ನೋವ ಗೊತ್ತಾಗಂಗಿಲ್ಲ, ನಿದ್ದಿ ಛಲೋ ಬರ್ತದ" ಎಂದರು.

ನನ್ನ ಬಾಟ್ಲಿಯಿಂದಲೇ ದಿನಾ ತೆಗೆದು ನುಂಗುತ್ತಿದ್ದರಂತೆ.

ಮದುವೆಯ ಹಿಂದಿನ ದಿನ ನನ್ನ ಫಿಟ್ಸ್ ಗುಳಿಗೆಗಳನ್ನೆಲ್ಲ ಹಾಳೆಯಿಂದ ಸುಲಿದು ವಿಟಮಿನ್ ಬಾಟ್ಲಿಗೆ ತುಂಬಿದವಳು ನೀನು. "ಫಿಟ್ಸ್ ಅನ್ನೂ ಮಾತ ಆ ಮನ್ಯಾಗ ತೆಗೀಬ್ಯಾಡ. ಯಾರರೆ ಕೇಳಿದ್ರ ಶಕ್ತಿ ಗುಳಿಗಿ ಅನ್ನು" ಎಂದು ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡೆ. ಇಲ್ಲಿ ಡಾಕ್ಟರ ಹತ್ತಿರ ಹೋಗಗೊಡಲಿಲ್ಲ. ಅಲ್ಲಿ ನೀನೇ ಹಳೇ ಚೀಟಿ ತೋರಿಸಿ ತಂದು, ತುಂಬಿ, ಬರುವವರ ಕೈಯಲ್ಲಿ ಕಳಿಸುತ್ತಿದ್ದೆ. ಈ ಸಲ ಬಾಟ್ಲಿ ಬೇಗ ಮುಗಿಯಿತು, ಯಾಕೋ ತಿಳಿಯದು ಎಂದು ನಾನು ಫೋನು ಮಾಡಿದಾಗ ನೀನು ಒಂದು ಪ್ರಶ್ನೆಯನ್ನೂ ಕೇಳದೆ ಇನ್ನೊಂದು ಕಳಿಸಿದೆ.

ಇವರ ಎದುರಿಗೇ ಡಾಕ್ಟರಿಗೆ ಎಲ್ಲ ಹೇಳಿದೆ. ಬಾಟ್ಲಿ ತರಿಸಿದರು. ಗುಳಿಗೆಗಳನ್ನು ಅಂಗೈಗೆ ಸುರುವಿಕೊಂಡು, ಹೆಸರಿಲ್ಲ, ತಾರೀಖಿಲ್ಲ, ಇದನ್ನು ಯಾವ ಧೈರ್ಯದಿಂದ ನುಂಗುತ್ತಿದ್ದೆ ಎಂದು ರೇಗಿದರು. ಈ ವಯಸ್ಸಿನವರಿಗೆ ಇದರಿಂದ ಮಂಪರು ಬರುತ್ತದೆ, ಕಾಲು ಹಿಡಿತ ತಪ್ಪುತ್ತದೆ, ಅದಕ್ಕೇ ಬಿದ್ದಿದ್ದಾರೆ ಎಂದರು. ಆಮೇಲೆ ನನ್ನನ್ನು ಕೇಳಿದರು: ರಕ್ತ ಪರೀಕ್ಷೆ ಯಾವಾಗ ಮಾಡಿಸಿದ್ದೀ? ಮಗು ಬೇಕೇ? ಬೇಕಾದರೆ ಮೊದಲೇ ಬಂದು ಹೇಳಬೇಕು, ಈ ಗುಳಿಗೆ ಹೊಟ್ಟೆಯಲ್ಲಿರುವ ಕೂಸಿಗೆ ಹಾನಿ ಮಾಡಬಹುದು, ಬದಲಿಸಬೇಕಾಗುತ್ತದೆ. ಹಾಗಂತ ನೀನಾಗಿ ನಿಲ್ಲಿಸಿದರೆ ನಿನ್ನ ಜೀವಕ್ಕೇ ಅಪಾಯ. ಇದನ್ನು ಯಾರೂ ಹೇಳಲಿಲ್ಲವೇ?

ಯಾರು ಹೇಳಬೇಕಿತ್ತು, ಅವ್ವಾ?

ಹೊರಗೆ ಬಂದ ಮೇಲೆ ಇವರು ಗೋಡೆ ನೋಡುತ್ತ ನಿಂತರು. "ಮೊದಲs ಹೇಳಿದ್ರ ನಾ ಮದಿವಿಗೆ ಒಪ್ತಿದ್ನೋ ಇಲ್ಲೋ, ನನಗs ಗೊತ್ತಿಲ್ಲ ರೂಪಾ. ಆದ್ರ ನನ್ನ ಯಾರೂ ಕೇಳಲೇ ಇಲ್ಲಲ್ಲ" ಎಂದರು. ಅಂದಿನಿಂದ ಬೇಕಾದಷ್ಟೇ ಮಾತು. ಊಟ ಬಡಿಸಿದರೆ ಉಣ್ಣುತ್ತಾರೆ, ತಟ್ಟೆ ತಾವೇ ತೊಳೆದಿಡುತ್ತಾರೆ.

ಅತ್ತೆ ಈಗ ಮಂಚ ಹಿಡಿದಿದ್ದಾರೆ. ಗುಳಿಗೆ ಕೊಡಲು ಹೋದರೆ ಬಾಯಿ ತೆರೆಯುವುದಿಲ್ಲ. "ಓದು" ಎನ್ನುತ್ತಾರೆ. ಹೆಸರು, ಯಾತಕ್ಕೆ, ಯಾವ ತಿಂಗಳಿಗೆ ಮುಗಿಯುತ್ತದೆ, ಎಲ್ಲವನ್ನೂ ಓದಬೇಕು. ಪಕ್ಕದ ಮನೆಯವರು ಕೂತಿದ್ದರೂ ಬಿಡುವುದಿಲ್ಲ. ನಾಚಿಕೆಯಿಂದ ಕುಗ್ಗುತ್ತೇನೆ, ಆದರೂ ಓದುತ್ತೇನೆ. ಅವರು ಮಾಡುತ್ತಿರುವುದು ಸರಿಯಾಗಿಯೇ ಇದೆ. ನನ್ನ ಗುಳಿಗೆಗಳೂ ಈಗ ಅವುಗಳ ಹಾಳೆಯಲ್ಲೇ, ಎಲ್ಲರಿಗೂ ಕಾಣುವ ಹಾಗೆ ಗೋಡೆಯ ಮಾಡಿನಲ್ಲಿವೆ. ಏನವು ಎಂದು ಮೊನ್ನೆ ಪಕ್ಕದ ಮನೆಯ ಸರೋಜಿನಿ ಕಾಕು ಕೇಳಿದರು. ಫಿಟ್ಸಿಗೆ, ಎಂದೆ. ಹೌದಾ, ಎಂದು ಚಹಾ ಕುಡಿದು ಹೋದರು. ಇಷ್ಟಕ್ಕೆ ನೀನು ಇಷ್ಟೆಲ್ಲ ಮಾಡಿದೆ.

ಅತ್ತೆಯನ್ನು ನೋಡುವ ನೆಪದಲ್ಲಿ ಬರಬೇಡ. ನೀನು ಬಂದರೆ ಇವರು ಮನೆ ಬಿಟ್ಟು ಹೊರಗೆ ಹೋಗುತ್ತಾರೆ. ನಾನೂ ಬಾಗಿಲು ತೆಗೆಯುತ್ತೇನೆಂದು ಹೇಳಲಾರೆ. ಬಾಟ್ಲಿಯನ್ನಂತೂ ಕಳಿಸಲೇಬೇಡ.

ಅಪ್ಪನಿಗೆ ಶರಣು. ನಿನ್ನ ಸಕ್ಕರೆ ಕಾಯಿಲೆಯ ಗುಳಿಗೆ ತಪ್ಪಿಸಬೇಡ. ಬಸವಣ್ಣ ನಿನಗೆ ಒಳ್ಳೆಯದನ್ನೇ ಮಾಡಲಿ. ಕಾಲಿಗೆ ಬೀಳುತ್ತೇನೆಂದು ಬರೆಯಲು ಕೈ ಬರುತ್ತಿಲ್ಲ.

ರೂಪಾ

ತಾ.ಕ.: ನಿನ್ನೆ ಅತ್ತೆ ತಾವಾಗಿ ಮಾತಾಡಿದರು. "ಪಂಚಮಿಗೆ ನಿಮ್ಮವ್ವ ಬಂದಾಗ ನಾ ಕೇಳೇ ತಗೊಂಡೀನಿ. 'ಬೀಗರ, ಈ ಗುಳಿಗಿ ನನಗೂ ನಡೀತಾವೇನ್ರಿ' ಅಂದೆ. 'ತಗೋರಿ, ಶಕ್ತಿದs ಅದಾವ' ಅಂದ್ರು" ಎಂದರು. ಆಗ ನಾನು ಅಡುಗೆಮನೆಯಲ್ಲಿ ನಿನಗೆಂದೇ ಉಂಡಿ ಕಟ್ಟುತ್ತಿದ್ದೆ. ಅವರ ಮುಂದೆ ಹೇಳಲಾಗದಿದ್ದರೆ ನನ್ನ ಕಿವಿಯಲ್ಲಾದರೂ ಹೇಳಬಹುದಿತ್ತು. ಅತ್ತೆಗೆ ತಪ್ಪು ನೆನಪಾಗಿದೆ, ನೀನು ಹಾಗೆ ಅಂದಿಲ್ಲ ಎಂದು ಒಂದು ಸಾಲು ಬರೆ. ನಂಬುತ್ತೇನೆ.