ಅವ್ವನ ಬಾಯಿಗೆ ಯಾರ ದನಿ

ಪ್ರವೀಣಕುಮಾರನಿಗೆ,

‘ಪ್ರೀತಿಯ’ ಅಂತ ಶುರು ಮಾಡಿ ಹೊಡೆದು ಹಾಕಿದೆ. ‘ಗೆಳೆಯಾ’ ಅಂತ ಬರೆದೆ, ಅದಕ್ಕೂ ಮನಸ್ಸು ಒಪ್ಪಲಿಲ್ಲ. ಹಾಗಾಗಿ ಬರೀ ಹೆಸರು ಇರಲಿ. ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಓದಿ ಮುಗಿಸಿದ ಮೇಲೆ ಫೋನ್ ಮಾಡಬೇಡ. ಫೋನಿನಲ್ಲಿ ನೀನು ಚೆನ್ನಾಗಿ ಮಾತಾಡುತ್ತೀಯ, ನಾನು ಕರಗಿಬಿಡುತ್ತೇನೆ. ಈ ಸಲ ಕರಗುವುದು ನನಗೆ ಬೇಕಿಲ್ಲ.

ಪತ್ರಿಕೆಯವರು ಮತ್ತೆ ಕೇಳಿದ್ದಾರೆ. ದೆಹಲಿಯ ಆ ದೊಡ್ಡ ಪ್ರಶಸ್ತಿಯ ಕೊನೆಯ ಸುತ್ತಿಗೆ ಬಂದ ಅನಿಮೇಷನ್ ಚಿತ್ರಗಳಲ್ಲಿ ಯಾವುದು ಗೆಲ್ಲುತ್ತದೆ, ಯಾವುದು ಗೆಲ್ಲಬೇಕು ಅಂತ ಭಾನುವಾರದ ಪುಟಕ್ಕೆ ನಾನು ಪ್ರತಿ ವರ್ಷ ಬರೆಯುವುದು ನಿನಗೆ ಗೊತ್ತೇ ಇದೆ. ಹಡಗಲಿಯ ಹೈಸ್ಕೂಲಿನಲ್ಲಿ ಚಿತ್ರ ಬರೆಯಲು ಕಲಿಸುವ ಮೇಡಂಗೆ ಈ ಹುಚ್ಚು ಯಾಕೆ ಅಂತ ನಗುವವರಿದ್ದಾರೆ. ನೀನಂತೂ "ಮೈಲಾರದ ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿದಂಗ ಒಂದು ಸಾಲು ಹೇಳಿ ಕೆಳಗ ಜಿಗೀತಿ ನೋಡು, ಅರ್ಥ ನಾವು ಹುಡುಕಬೇಕು" ಅಂತ ಚುಡಾಯಿಸುತ್ತಿದ್ದೆ. ಈ ವರ್ಷ ಪಟ್ಟಿಯಲ್ಲಿ ನಿನ್ನ ‘ಹಗರಿಯ ಆಚೆ ದಂಡೆ’ ಇದೆ. ಅದೇ ಗೆಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಿದ್ದಾರೆ. ನಾನು ಏನು ಬರೆಯುತ್ತೇನೆ ಅನ್ನುವುದು ಪತ್ರಿಕೆಗಿಂತ ಮೊದಲು ನಿನಗೆ ತಿಳಿಯಲಿ.

ನೀನು ಕೂಡ್ಲಿಗಿ ಬಸ್ಸಿಳಿದು ನಮ್ಮೂರಿಗೆ ಬಂದ ದಿನ ನೆನಪಿದೆಯಾ? ಹರಪನಹಳ್ಳಿಯ ಕಿರಾಣಿ ಅಂಗಡಿ ಏಕಾಂತಪ್ಪನವರ ಮಗ, ಬೆನ್ನಿಗೆ ಬ್ಯಾಗು, ಕೈಯಲ್ಲಿ ಆ ಸಣ್ಣ ರೆಕಾರ್ಡರು. ಕಳೆದುಹೋದ ಮರಿಯನ್ನು ಹುಡುಕುತ್ತಾ ಹಗರಿ ಹಳ್ಳ ದಾಟುವ ಕುರಿಗಾರ ಮುದುಕಿಯ ಕತೆ ನಿನ್ನ ತಲೆಯಲ್ಲಿತ್ತು. ಅವಳ ಮುಖ ಎಷ್ಟು ಬರೆದರೂ ಕುಳಿತಿರಲಿಲ್ಲ. ನಮ್ಮವ್ವ ಅಂಗಳದಲ್ಲಿ ನಿಂತು ಕುರಿಗಳನ್ನು ಬೈದು ದೊಡ್ಡಿಗೆ ಹೊಡೆಯುವುದನ್ನು ನೋಡಿದೆಯಲ್ಲ, ಅಲ್ಲೇ ಕೂತುಬಿಟ್ಟೆ. "ಅವ್ವಾರ, ನಿಮ್ಮ ದನೀನ ನನ್ನ ಪಿಚ್ಚರ್ರು" ಅಂದೆ. ನಿನ್ನ ಬಾಯಿಂದ ಬಂದ ಮಾತು ಇದು, ನಾನು ಕಟ್ಟಿದ್ದಲ್ಲ.

ಅವ್ವ ನಾಚಿದಳು. ಮೂರು ಹೊತ್ತು ಬೈಗುಳದಲ್ಲೇ ಸಂಸಾರ ಮಾಡಿದವಳು ಅಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ನೀನು ಹೇಳಿದ್ದಕ್ಕೆಲ್ಲ ಹೂಂ ಅಂದಳು. ಒಳಕೋಣೆಯಲ್ಲಿ ದನಿ ಗುಂಯ್‌ಗುಡಬಾರದು ಅಂತ ನೀನು ಕಿಟಕಿ ಬಾಗಿಲಿಗೆಲ್ಲ ಕಂಬಳಿ ಹೊದಿಸಿದೆ. ಬೇಸಿಗೆ. ಅವ್ವ ಬೆವೆತು ನೀರಾಗಿ, ಅದೇ ಮಾತನ್ನು ಮತ್ತೆ ಮತ್ತೆ ಹೇಳಿದಳು. ನೀನು ಅವಳ ತುಟಿಯನ್ನು ಫೋನಿನಲ್ಲಿ ಹತ್ತಿರದಿಂದ ಹಿಡಿದುಕೊಂಡೆ. ಆ ತುಟಿ ತೆರೆದಂತೆ, ಮಡಚಿದಂತೆ ಒಂದೊಂದೇ ಚಿತ್ರ ಬರೆಯಬೇಕು ಅಂತ ನನಗೆ ವಿವರಿಸಿದೆ. ರೊಟ್ಟಿ, ಪುಂಡಿಪಲ್ಲೆ ತಿಂದೆ. ಹೋಗುವಾಗ ಕಾಲಿಗೆ ಬಿದ್ದೆ. ಅವ್ವ ನಿನ್ನ ನೆತ್ತಿ ಮುಟ್ಟಿ ಲಟಿಕೆ ಮುರಿದಳು.

ಮುಂದೆ ಒಂದೂವರೆ ವರ್ಷ ಅವಳಿಗೆ ಬೇರೆ ಸುದ್ದಿ ಇರಲಿಲ್ಲ. ಸಂತೆಗೆ ಹೋದರೂ ಅದೇ, ಬೋರಿನ ಹತ್ತಿರ ನಿಂತರೂ ಅದೇ. "ಪಿಚ್ಚರಿನ್ಯಾಗ ನನ್ನ ದನಿ ಬರತೈತಿ" ಅಂತ ಕೇಳದವರಿಗೂ ಹೇಳಿದಳು. ಎದುರುಮನೆ ಗಾದೆಪ್ಪನಿಗೆ ಎಷ್ಟು ಸಲ ಹೇಳಿದಳೋ, ಅವನು ಇವಳನ್ನು ಕಂಡರೆ ದಾರಿ ಬದಲಿಸುವಂತಾಗಿತ್ತು.

ಕೊಟ್ಟೂರಿನ ಕಲ್ಯಾಣ ಮಂಟಪದಲ್ಲಿ ನೀನು ಮೊದಲ ಸಲ ಚಿತ್ರ ತೋರಿಸಿದ ದಿನ ಅವ್ವ ಇಳಕಲ್ ಸೀರೆ ಉಟ್ಟು, ಟೆಂಪೋದಲ್ಲಿ ಓಣಿಯ ಅರ್ಧ ಮಂದಿಯನ್ನು ತುಂಬಿಕೊಂಡು ಬಂದಳು. ನೀನು ಮುಂದಿನ ಸಾಲಿನಲ್ಲಿ ಕೂರಿಸಿದೆ, ಶಾಲು ಹೊದಿಸಿದೆ. ದೀಪ ಆರಿತು. ಪರದೆಯ ಮೇಲೆ ಅವ್ವನ ಮುಖ ಬಂತು. ಅದೇ ಗಲ್ಲ, ಅದೇ ಮೂಗುತಿ. ಬಾಯಿ ತೆರೆಯಿತು. ಯಾರೋ ಹೆಂಗಸು, ಟಿವಿಯಲ್ಲಿ ಸೋಪಿನ ಜಾಹೀರಾತಿಗೆ ಮಾತಾಡುವ ದನಿಯಲ್ಲಿ, "ನನ್ನ ಮರಿ ಎಲ್ಲಿದೆ? ನೀವು ನೋಡಿದಿರಾ?" ಅಂದಳು.

ಚಿತ್ರ ಮುಂದೆ ಹೋಯಿತು. ಮುದುಕಿ ಹಳ್ಳಕ್ಕಿಳಿದಳು, ಅತ್ತಳು, ನಕ್ಕಳು. ಅರ್ಧ ಕಳೆದ ಮೇಲೆ ಪಾಲಾಕ್ಷಪ್ಪ ಮಾವ ಬಗ್ಗಿ ಅವ್ವನ ಕಿವಿಯ ಹತ್ತಿರ, "ಯಕ್ಕಾ, ನಿನ್ನ ದನಿ ಯಾವಾಗ ಬರತೈತಿ?" ಅಂತ ಕೇಳಿದ. ಪಾಪ, ಅವನು ಕುಹಕಕ್ಕೆ ಕೇಳಿದ್ದಲ್ಲ, ನಿಜವಾಗಿ ಕಾಯುತ್ತಿದ್ದ. ಅವ್ವ ಹೆಗಲ ಮೇಲಿನ ಶಾಲು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಮನೆಗೆ ಬಂದು ಸೀರೆ ಮಡಚುತ್ತಾ, ನನ್ನ ಮುಖ ನೋಡದೆ, "ನಾ ಏನ್ ಸತ್ತೀನೇನು, ನನ್ನ ಬಾಯಾಗ ಬ್ಯಾರೇದಾಕಿ ಮಾತಾಡಾಕ?" ಅಂದಳು.

ನಾನು ನಿನಗೆ ಫೋನ್ ಮಾಡಿದೆ. ನೀನು, "ಸಣ್ಣ ವಿಷಯ ಐತಿ ಬಿಡು ಭೂಮಿ. ದುಡ್ಡು ಹಾಕಿದೋರು ಒಪ್ಪಲಿಲ್ಲ. ಪ್ರಶಸ್ತಿಗೆ ಹೋಗೋದು, ಎಲ್ಲಾರ್ಗೂ ತಿಳಿಯೋ ಕನ್ನಡ ಇರ್ಬೇಕು ಅಂದ್ರು" ಅಂದೆ. ಎಲ್ಲಾರು ಅಂದರೆ ಯಾರಪ್ಪ? ದೆಹಲಿಯಲ್ಲಿ ಕೂತು ತೀರ್ಪು ಕೊಡುವವರು ಕೆಳಗೆ ಬರುವ ಇಂಗ್ಲಿಷ್ ಸಾಲು ಓದುತ್ತಾರೆ. ಅವರಿಗೆ ನಮ್ಮ ‘ಐತಿ’ ಏನು, ಆ ಹೆಂಗಸಿನ ‘ಇದೆ’ ಏನು? ಎರಡೂ ಒಂದೇ. ಹಾಗಾದರೆ ಯಾರಿಗೆ ಹೆದರಿದೆ ನೀನು? ನಾನು ಹೇಳಲಾ? ಹರಪನಹಳ್ಳಿಯಿಂದ ಬಂದವನು ಅಂತ ಯಾರಾದರೂ ನಕ್ಕಾರು ಅಂತ ಹೆದರಿದೆ. ನಿನ್ನ ನಾಚಿಕೆಗೆ ನಮ್ಮವ್ವನ ನಾಲಗೆ ಕೊಯ್ದೆ.

ಸಣ್ಣ ವಿಷಯ ಅಂದೆಯಲ್ಲ, ಕೇಳು. ಹೋದ ತಿಂಗಳು ಮಂಡಿ ನೋವು ಅಂತ ಅವ್ವನನ್ನು ಕೂಡ್ಲಿಗಿಗೆ ಕರೆದೊಯ್ದೆ. ಡಾಕ್ಟರಮ್ಮ "ಎಲ್ಲಿ ನೋಯ್ತೈತಿ ಯಮ್ಮ?" ಅಂತ ಕೇಳಿದರು. ಅವ್ವ ನನ್ನ ಮೊಣಕೈ ತಿವಿದು, "ನೀನ ಹೇಳವ್ವ, ನನ್ನ ಮಾತು ಅವರಿಗೆ ತಿಳಿಯಂಗಿಲ್ಲ" ಅಂತ ಪಿಸುಗುಟ್ಟಿದಳು. ಆ ಡಾಕ್ಟರಮ್ಮ ಹಗರಿಬೊಮ್ಮನಹಳ್ಳಿಯವರು ಕಣೋ. ಅವ್ವನ ಹಾಗೆಯೇ ಮಾತಾಡುವವರು. ಬಸ್ಸಿನಲ್ಲಿ ಕಂಡಕ್ಟರನ ಜತೆ ಜಗಳಕ್ಕೆ ನಿಲ್ಲುತ್ತಿದ್ದ ಹೆಂಗಸು ಈಗ ಹೊರಗಿನವರು ಕಂಡರೆ ನನ್ನ ಹಿಂದೆ ನಿಲ್ಲುತ್ತಾಳೆ. ಇದನ್ನು ಮಾಡಿದ್ದು ನಿನ್ನ ಸಿನಿಮಾ.

ತೀರ್ಪಿನ ಮಾತಿಗೆ ಬರುತ್ತೇನೆ. ಅನಿಮೇಷನ್‌ನಲ್ಲಿ ಅಕಸ್ಮಾತ್ ಅನ್ನುವುದು ಇರುವುದಿಲ್ಲ ಅಂತ ನನಗೆ ಕಲಿಸಿದವನು ನೀನು. ಕ್ಯಾಮೆರಾ ಇಟ್ಟು ತೆಗೆದ ಸಿನಿಮಾದಲ್ಲಿ ಗಾಳಿಗೆ ಎಲೆ ತಾನಾಗಿ ಅಲುಗಬಹುದು. ಇಲ್ಲಿ ಒಂದು ಎಲೆ ಅಲುಗಬೇಕಾದರೂ ಯಾರೋ ಕೂತು ಅಲುಗಿಸಬೇಕು. ಹಾಗಾಗಿ ಇದರಲ್ಲಿ ಇರುವುದೆಲ್ಲ ಬೇಕೆಂದೇ ಇಟ್ಟದ್ದು, ಇಲ್ಲದ್ದೆಲ್ಲ ಬೇಕೆಂದೇ ತೆಗೆದದ್ದು. ನಾನು ಈ ಲೆಕ್ಕದಲ್ಲೇ ಚಿತ್ರ ನೋಡುತ್ತೇನೆ. ಪಟ್ಟಿಯಲ್ಲಿ ‘ಗೋಡೆ ಮೇಲಿನ ಹಲ್ಲಿ’ ಅಂತ ಒಂದಿದೆ, ಕಾಲೇಜು ಹುಡುಗಿಯರು ಮಾಡಿದ್ದು. ಗೆರೆ ನಡುಗುತ್ತದೆ, ಬಣ್ಣ ಅಲ್ಲಲ್ಲಿ ಹೊರಗೆ ಚೆಲ್ಲಿದೆ. ಕತೆ ಹೇಳುವ ಅಜ್ಜಿಗೆ ನಡುವೆ ಕೆಮ್ಮು ಬರುತ್ತದೆ. ಅವರು ಅದನ್ನು ಕತ್ತರಿಸಲಿಲ್ಲ, ಕೂತು ಆ ಕೆಮ್ಮನ್ನೂ ಬರೆದರು. ಅಜ್ಜಿಯ ಭುಜ ಕುಲುಕುತ್ತದೆ, ಹಲ್ಲಿ ಬೆದರಿ ಓಡುತ್ತದೆ. ಪ್ರಶಸ್ತಿ ಅದಕ್ಕೆ ಸಲ್ಲಬೇಕು.

ನಿನ್ನದಕ್ಕೆ ಯಾಕೆ ಸಲ್ಲಬಾರದು ಅನ್ನುವುದಕ್ಕೆ ಆಧಾರ ಬೇಕಲ್ಲ, ಅದಕ್ಕೆ ಕಳೆದ ಭಾನುವಾರ ಮಧ್ಯಾಹ್ನ ಊರಿನಲ್ಲಿ ಕೂತು, ವಿಮರ್ಶಕರಿಗೆ ಅಂತ ನೀನೇ ಕಳಿಸಿದ ಲಿಂಕನ್ನು ಮತ್ತೆ ಟಿವಿಗೆ ಹಾಕಿದೆ. ಬಿಸಿಲು ಬೀಳುತ್ತಿತ್ತು, ಕಿಟಕಿಗೆ ಅದೇ ಕಂಬಳಿ ಹೊದಿಸಿದೆ. ಆ ಹೆಂಗಸಿನ ದನಿ ಕೇಳಲಾಗದೆ ಟಿವಿಯ ಸೌಂಡು ಪೂರಾ ತೆಗೆದೆ. ಆಗ ಕಂಡಿತು. ದನಿ ಬದಲಿಸಿದ್ದೀಯ, ತುಟಿ ಬದಲಿಸಿಲ್ಲ. ಅಷ್ಟೂ ಚಿತ್ರ ಮತ್ತೆ ಬರೆಯುವ ಪುರುಸೊತ್ತು ಇರಲಿಲ್ಲ ಅಂತ ಕಾಣುತ್ತದೆ. ಮುದುಕಿಯ ಬಾಯಿ ಇನ್ನೂ ಅವ್ವನ ಮಾತನ್ನೇ ಆಡುತ್ತಿತ್ತು.

ಅವ್ವ ಹೊಸ್ತಿಲ ಹತ್ತಿರ ಮೊರದಲ್ಲಿ ಸಜ್ಜಿ ಹಸನು ಮಾಡುತ್ತಿದ್ದಳು. ಕಣ್ಣೆತ್ತಿ ನೋಡಿದಳು. ಮೊರ ನಿಂತಿತು. ಪರದೆಯ ಬಾಯಿ ತೆರೆದ ಹೊತ್ತಿಗೆ ಸರಿಯಾಗಿ, ಮೊದಲು ಮೆಲ್ಲಗೆ, "ನನ್ನ ಮರಿ ಕಂಡ್ರೇನ್ರೋ ಯಪ್ಪಾ, ಕಿವಿ ಕರೇದೈತಿ" ಅಂದಳು. ಕೂದಲಷ್ಟೂ ಆಚೀಚೆ ಆಗಲಿಲ್ಲ. ಮುಂದಿನ ಮಾತಿಗೆ ದನಿ ಏರಿತು. ಅವಳಿಗೆ ಒಂದು ಮಾತೂ ಮರೆತಿರಲಿಲ್ಲ. ಗಾದೆಪ್ಪ ಬಂದು ಬಾಗಿಲಲ್ಲಿ ನಿಂತ, ಅವನ ಹಿಂದೆ ಪಾಲಾಕ್ಷಪ್ಪ ಮಾವ. ಹಳ್ಳದ ದಂಡೆಯಲ್ಲಿ ಮುದುಕಿ ಮರಿಯನ್ನು ಕೂಗುತ್ತಾಳಲ್ಲ, ಅಲ್ಲಿ ಅವ್ವ ಎದ್ದು ನಿಂತು, ಎದೆ ತುಂಬಾ ಉಸಿರೆಳೆದು ಕೂಗಿದಳು. ಹಿತ್ತಲ ದೊಡ್ಡಿಯಲ್ಲಿ ಮಲಗಿದ್ದ ಕುರಿಗಳೆಲ್ಲ ಎದ್ದು ಒಮ್ಮೆಲೇ ಅರಚಿದವು. ಮಾವ ಕಣ್ಣೊರೆಸಿಕೊಂಡು, "ಈಗ ಬಂತು ನೋಡು ಯಕ್ಕಾ" ಅಂದ.

ಹಾಗಾಗಿ ಪತ್ರಿಕೆಗೆ ಹೀಗೆ ಬರೆದಿದ್ದೇನೆ: ಗೆಲ್ಲುವುದು ‘ಹಗರಿಯ ಆಚೆ ದಂಡೆ’, ಗೆಲ್ಲಬೇಕಾದ್ದು ‘ಗೋಡೆ ಮೇಲಿನ ಹಲ್ಲಿ’. ಭಾನುವಾರ ನಮ್ಮ ಮನೆಯಲ್ಲಿ ನಡೆದ ಚಿತ್ರ ಯಾವ ಪಟ್ಟಿಯಲ್ಲೂ ಇಲ್ಲ. ಅದು ಇದ್ದಿದ್ದರೆ ಎರಡಕ್ಕೂ ಅದೊಂದೇ ಹೆಸರು ಬರೆಯುತ್ತಿದ್ದೆ. ಅವ್ವನ ದನಿ ಇನ್ನೂ ನಿನ್ನ ಕಂಪ್ಯೂಟರಿನಲ್ಲಿ ಇರುತ್ತದೆ. ಅದನ್ನು ಅದರ ಬಾಯಿಗೆ ವಾಪಸ್ ಹಾಕು. ಪ್ರಶಸ್ತಿಗೆ ಮುಂಚೆ ಆಗದಿದ್ದರೆ ಆಮೇಲೆ ಹಾಕು, ಆದರೆ ಹಾಕು. ಹಾಕಿದ ದಿನ ಕೊಟ್ಟೂರಿನ ಅದೇ ಮಂಟಪದಲ್ಲಿ, ಅದೇ ಮಂದಿಯ ಮುಂದೆ ತೋರಿಸು.

ಪತ್ರ ಯಾರಿಗೆ ಅಂತ ಅವ್ವ ಕೇಳಿದಳು, ಹೇಳಿದೆ. "ಉಂಡು ಹೋದ ಹುಡುಗ, ಬೈಬ್ಯಾಡ. ಗೆದ್ದು ಬರಲಿ, ನನ್ನ ಆಶೀರ್ವಾದ ಐತಿ ಅಂತ ಬರಿ" ಅಂದಳು. ಬರೆದಿದ್ದೇನೆ. ಅದು ಅವಳದು.

ನನ್ನದನ್ನು ನೀನು ಅವಳ ದನಿಯ ಜತೆ ಬಂದು ಇಸಿದುಕೊಂಡು ಹೋಗು.

ಕೊಟ್ರಬಸಮ್ಮನ ಮಗಳು,
ಭೂಮಿಕಾ